ಪೇಡೆಯೊಳಗಿನ ಗುಳಿಗೆ

"ಮಾಸ್ತರ, ಮನ್ಯಾಗ ಅದೀರೇನ್ರಿ?"

ನಿವೃತ್ತನಾದವನಿಗೆ ಇದೆಂಥ ಪ್ರಶ್ನೆ! ಮನೆ ಬಿಟ್ಟು ನಾನು ಇನ್ನೆಲ್ಲಿರಲಿ? ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಎರಡು ಮನೆಗಳ ನಡುವೆ ಎದೆಮಟ್ಟದ ಗೋಡೆಯೊಂದಿದೆ. ಶಹಾಬಾದಿನ ಫರಸಿ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಮಾಡಿದ್ದು. ಈಚೆಯಿಂದ ನಾನು ಅದರ ಮೇಲೆ ಮೊಣಕೈ ಊರುತ್ತೇನೆ, ಆಚೆಯಿಂದ ಪಕ್ಕದ ಮನೆಯ ವೈನಿ ಊರುತ್ತಾರೆ. ಇಷ್ಟು ವರ್ಷಗಳ ಮಾತಿಗೆ ಕಲ್ಲು ಸವೆದು ಎರಡು ಕಡೆ ಗುಳಿ ಬಿದ್ದಿದೆ ಅನ್ನುತ್ತಾಳೆ ನನ್ನ ಹೆಂಡತಿ. ಅದು ಅತಿಶಯೋಕ್ತಿ. ಬಿದ್ದಿರುವುದು ಒಂದೇ ಗುಳಿ, ಅದೂ ವೈನಿಯ ಕಡೆ.

ಅವತ್ತು ವೈನಿಯ ಕೈಯಲ್ಲಿ ಬಣ್ಣದ ಒಂದು ಡಬ್ಬಿ ಇತ್ತು. ಮೇಲೆ ನಗುವ ನಾಯಿಯ ಚಿತ್ರ.

"ಅಮೆರಿಕಾದ್ದು. ನಮ್ಮ ಮೋತಿಗಿ ತಂದಾನ ಮಗ. ತಿಂಗಳಿಗೊಂದು ತಿನ್ಸಬೇಕಂತ. ಇಲ್ಲಂದ್ರ ನಾಯಿ ಹಾರ್ಟಿನ್ಯಾಗ ಹುಳ ಬೀಳ್ತಾವಂತ್ರಿ."

"ಹಲ್ಲಿನಾಗ ಹುಳ ಬೀಳೂದು ಕೇಳೀನಿ ವೈನಿ."

"ನಗಬ್ಯಾಡ್ರಿ. ಅಲ್ಲಿ ಹ್ಯೂಸ್ಟನ್‌ದಾಗ ಎಲ್ಲಾ ನಾಯಿಗಿ ಕೊಡ್ತಾರಂತ. ಅವನ ಮನ್ಯಾಗ ಒಂದು ಕರೀ ಲ್ಯಾಬ್ರಡಾರ್ ಅದ, ಅದಕ್ಕ ಡಾಕ್ಟರ್ ಬರೆದುಕೊಟ್ಟಿದ್ದಂತ."

ಮೋತಿಯ ಪರಿಚಯ ಹೇಳಿಬಿಡುತ್ತೇನೆ. ತಳಿ ಓಣಿಯದು, ಬಣ್ಣ ಜೋಳದ ರೊಟ್ಟಿಯದು, ಅಲ್ಲಲ್ಲಿ ಸುಟ್ಟ ಕಲೆ. ಒಂದು ಮಳೆಗಾಲದ ರಾತ್ರಿ ಗೇಟಿನ ಕೆಳಗೆ ನುಸುಳಿ ಬಂದಿದ್ದು, ಮಳೆ ನಿಂತರೂ ಹೋಗಲಿಲ್ಲ. ಮಜ್ಜಿಗೆಯಲ್ಲಿ ನೆನೆಸಿದ ತಂಗಳ ರೊಟ್ಟಿ ಅದರ ಊಟ. ಅಂಥ ಜೀವಕ್ಕೆ ಸಮುದ್ರ ದಾಟಿ ಔಷಧ ಬಂದಿದೆ. ಆದರೂ ನಾನು ಹೆಚ್ಚು ನಗಲಿಲ್ಲ. ನಮ್ಮ ಸೀಮೆಯಲ್ಲಿ ನಾಯಿಯನ್ನು ಕಂಡು ನಗುವುದು ಅಷ್ಟು ಸುಲಭವಲ್ಲ. ಭಾಲ್ಕಿ ಕಡೆ ಖಾನಾಪುರಕ್ಕೆ ಹೋದರೆ ಮೈಲಾರ ಮಲ್ಲಣ್ಣ, ಅವನ ಜೊತೆಗೆ ನಾಯಿ. ಹುಮನಾಬಾದಿನ ಮಗ್ಗುಲಿಗೇ ಮಾಣಿಕನಗರ. ಮಾಣಿಕಪ್ರಭುಗಳನ್ನು ದತ್ತನ ಅವತಾರವೆನ್ನುತ್ತಾರೆ, ದತ್ತನ ಕಾಲ ಬಳಿ ನಾಲ್ಕು ನಾಯಿ. ಇನ್ನು ಶರಣರ ಕಥೆಗಳಲ್ಲಿ ಹಾವಿನಹಾಳ ಕಲ್ಲಯ್ಯ ನಾಯಿಯ ಬಾಯಲ್ಲಿ ವೇದ ಓದಿಸಿಬಿಟ್ಟ. ಮೋತಿ ಇನ್ನೂ ಆ ಮಟ್ಟಕ್ಕೆ ಬಂದಿಲ್ಲ. ನಸುಕಿನಲ್ಲಿ ಹಾಲಿನವನ ಸೈಕಲ್ಲಿನ ಹಿಂದೆ ಓಡುತ್ತ ಅದು ಹೇಳುವುದು ವೇದವಂತೂ ಅಲ್ಲ.

ಡಬ್ಬಿಯನ್ನು ತಿರುಗಿಸಿ ಓದಿದೆ. ಇಂತಿಷ್ಟು ತೂಕದ ನಾಯಿಗೆ ಮಾತ್ರ ಎಂದು ಬರೆದಿತ್ತು: 51ರಿಂದ 100. ಕಿಲೋ ಅಲ್ಲ, ಪೌಂಡು.

"ಮೋತಿ ತೂಕ ಎಷ್ಟು ವೈನಿ?"

"ಎತ್ತಿ ನೋಡಿದ್ರ ತುಂಬಿದ ಕೊಡದಷ್ಟು ಅದ."

ವಿಜ್ಞಾನದ ಮಾಸ್ತರಿಕೆ ಮಾಡಿದವನಿಗೆ ಇಂಥ ಅಳತೆ ಸಹಿಸುವುದು ಕಷ್ಟ. ಮೋತಿಯನ್ನು ಕರೆದುಕೊಂಡು ಪರಿಚಯದ ಅಡತಿ ಅಂಗಡಿಗೆ ಹೋದೆ. ತೊಗರಿಯ ಸೀಜನ್ನು, ಕಾಟಾದ ಮುಂದೆ ಚೀಲಗಳ ಸಾಲು. ಮೋತಿ ಕಾಟಾದ ಮೇಲೆ ನಿಲ್ಲಲೊಲ್ಲದು. ನಿಂತರೂ ಬಾಲ ನಿಲ್ಲಲೊಲ್ಲದು, ಮುಳ್ಳೂ ನಿಲ್ಲಲೊಲ್ಲದು. ಕೊನೆಗೆ ನಾನೇ ಅದನ್ನು ಎತ್ತಿಕೊಂಡು ನಿಂತೆ. ಆಮೇಲೆ ನಾನೊಬ್ಬನೇ ನಿಂತೆ. ಹಮಾಲರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. "ಖಾಲಿ ಚೀಲದ ತೂಕ ಕಳೀರಿ" ಎಂದು ಸಾಹುಕಾರರು ಗುಮಾಸ್ತನಿಗೆ ಕೂಗಿದರು. ಖಾಲಿ ಚೀಲವೆಂದರೆ ನಾನು. ಕಳೆದು ಉಳಿದದ್ದು 14 ಕಿಲೋ. ಅಂದರೆ ಸುಮಾರು 31 ಪೌಂಡು. ಹ್ಯೂಸ್ಟನ್ನಿನ ಲ್ಯಾಬ್ರಡಾರಿನ ಗುಳಿಗೆ ಕಲ್ಯಾಣದ ಮೋತಿಯದಲ್ಲ ಎಂದು ಸಿದ್ಧವಾಯಿತು.

ಆದರೆ ಹಾರ್ಟಿನ ಹುಳದ ಮಾತು ಹಾಗೇ ಉಳಿಯಿತಲ್ಲ. ಹುಮನಾಬಾದಿನಲ್ಲಿ ನನ್ನ ತಂಗಿಯ ಮಗಳಿದ್ದಾಳೆ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಓದಿದವಳು. ಎಮ್ಮೆಯ ಹೊಟ್ಟೆಯೊಳಗೆ ತೋಳುದ್ದ ಕೈ ಹಾಕಿ ಕರು ತಿರುಗಿಸುವವಳ ಮುಂದೆ ನಾನು ಸೋದರಮಾವ ಅನ್ನುವ ಗತ್ತು ತೋರಿಸುವುದಿಲ್ಲ. ಆ ಭಾನುವಾರ ಅವಳೇ ಬಂದಳು. ಇಪ್ಪತ್ತೈದು-ಮೂವತ್ತು ಕಿಲೋಮೀಟರಿನ ದಾರಿ, ಸಸ್ತಾಪುರ ಬಂಗ್ಲಾದ ಕ್ರಾಸಿನಲ್ಲಿ ಇಳಿದು ಒಳಗೆ ಬರಬೇಕು. ಬಂದವಳು ಚಹಾದ ಕಪ್ಪು ಹಿಡಿದು ನೇರ ಗೋಡೆಯ ಹತ್ತಿರವೇ ನಿಂತಳು. ಆಚೆ ವೈನಿ ಆಗಲೇ ಹಾಜರು.

"ಅತ್ತಿ, ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಹುಳ ಖರೇನೇ ಅದ. ಶಾವಿಗಿ ಇದ್ಧಾಂಗ ಇರ್ತದ ನೋಡ್ರಿ. ಹೆಣ್ಣು ಹುಳ ಒಂದು ಗೇಣಿಗಿಂತ ಉದ್ದ, 25–30 ಸೆಂಟಿಮೀಟರ್. ಗುಂಡಿಗಿಯಿಂದ ಪುಪ್ಪುಸಕ್ಕ ಹೋಗೋ ರಕ್ತನಾಳದಾಗ ಕೂಡ್ತಾವ. ಹೆಚ್ಚಾದ್ರ ಗುಂಡಿಗಿ ಬಲಗಡಿ ಕೋಣ್ಯಾಗ ತುಂಬತಾವ. ಐದಾರು ವರ್ಷ ಬದುಕ್ತಾವ."

ವೈನಿ ಪ್ರತಿ ಬೇಸಿಗೆಯಲ್ಲಿ ಹೊರಸಿನ ಮೇಲೆ ಬಿಳಿ ಸೀರೆ ಹಾಸಿ ಶಾವಿಗೆ ಒಣಗಿಸುವವರು. ಆ ವರ್ಷ ಅವರ ಮನೆಯಲ್ಲಿ ಶಾವಿಗೆ ಪಾಯಸವಾಗಲಿಲ್ಲ.

"ಹೊಟ್ಟೀಗಿ ಹೋದ ಹುಳ ಗುಂಡಿಗಿಗಿ ಹ್ಯಾಂಗ ಏರ್ತದವ್ವಾ?"

"ಹೊಟ್ಟೀಗಿ ಹೋಗೂದೇ ಇಲ್ಲತ್ತಿ. ಸೊಳ್ಳಿ ತರ್ತದ. ಹುಳ ಇದ್ದ ನಾಯಿ ರಕ್ತದಾಗ ಅದರ ಮರಿ ಅಡ್ಯಾಡ್ತಿರ್ತಾವ, ಕಣ್ಣಿಗಿ ಕಾಣಂಗಿಲ್ಲ. ಸೊಳ್ಳಿ ಕುಡೀತದ. ಸೊಳ್ಳಿ ಹೊಟ್ಯಾಗ ಹತ್ತು-ಹದಿನಾಲ್ಕು ದಿನ ಬೆಳೀತಾವ. ಆಮ್ಯಾಲ ಅದೇ ಸೊಳ್ಳಿ ಇನ್ನೊಂದು ನಾಯಿಗಿ ಕಡಿದ್ರ ಇಳೀತಾವ. ಅಲ್ಲಿಂದ ಗುಂಡಿಗಿ ಮುಟ್ಟಿ ದೊಡ್ಡವಾಗ್ಲಿಕ್ಕ ಆರೇಳು ತಿಂಗಳು."

ಇಲ್ಲಿ ನಾನು ಬಾಯಿ ಹಾಕಿದೆ. ಮೂವತ್ತು ವರ್ಷ ಎಂಟನೇ ಇಯತ್ತೆಗೆ ಸೊಳ್ಳೆ ಬರೆಸಿದವನು ನಾನು. ಸೊಳ್ಳೆಯ ಗುಟ್ಟು ರಟ್ಟಾಗಿದ್ದೇ ಇಂಥ ಹುಳದಿಂದ. 1877ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಡಾಕ್ಟರು ಚೀನಾದ ಅಮೋಯ್ ಊರಿನಲ್ಲಿ ತನ್ನ ತೋಟದ ಆಳಿನ ರಕ್ತವನ್ನು ಸೊಳ್ಳೆಗೆ ಕುಡಿಸಿ, ಆನೆಕಾಲಿನ ಹುಳದ ಮರಿ ಸೊಳ್ಳೆಯೊಳಗೆ ಬೆಳೆಯುವುದನ್ನು ಕಂಡ. ಇಪ್ಪತ್ತು ವರ್ಷ ಬಿಟ್ಟು, 1897ರ ಆಗಸ್ಟ್ 20ರಂದು, ಅವನ ಶಿಷ್ಯನಂತಿದ್ದ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಮಲೇರಿಯಾದ ಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಹಿಡಿದ. ಸಿಕಂದರಾಬಾದೇನು ದೂರವೇ? ಆಗ ಅದೂ ನಾವೂ ಒಂದೇ ನಿಜಾಮರ ಸೀಮೆ. ಇವತ್ತಿಗೂ ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹತ್ತಿದರೆ ಅದೇ ಸಡಕು. ನಾಯಿಯ ಹುಳವೂ ಸೊಳ್ಳೆಯದೇ ಕೆಲಸ ಎಂದು ಗ್ರಾಸ್ಸಿ, ನೋಯೆ ಎಂಬಿಬ್ಬರು ಇಟಲಿಯಲ್ಲಿ ತೋರಿಸಿದ್ದು 1900ರಲ್ಲಿ—

"ಮಾಮಾ, ಪಿರಿಯಡ್ ಮುಗೀತು," ಅಂದಳು ಹುಡುಗಿ.

ವೈನಿಗೆ ಬೇಕಾಗಿದ್ದು ಇತಿಹಾಸವಲ್ಲ. "ನಮ್ಮ ಮೋತಿಗಿ ಬರ್ತದೋ ಇಲ್ಲೋ ಅದು ಹೇಳವ್ವಾ."

ಇಲ್ಲಿ ಹುಡುಗಿಯ ಮಾತು ನನಗೆ ಹಿಡಿಸಿತು. ಹೆದರಿಸಲೂ ಇಲ್ಲ, ಹಗುರ ಮಾಡಲೂ ಇಲ್ಲ. ಗುಂಡಿಗೆಯ ಆ ಹುಳ, ಪುಸ್ತಕದ ಹೆಸರು ಡೈರೋಫೈಲೇರಿಯಾ ಇಮ್ಮಿಟಿಸ್, ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಅಸ್ಸಾಮ್, ಮಿಜೋರಾಮ್ ಕಡೆಯ ಈಶಾನ್ಯದಲ್ಲಂತೆ. ದಕ್ಷಿಣದ ನಾಯಿಗಳಲ್ಲಿ ಹೆಚ್ಚು ಸಿಗುವುದು ಅದರ ದಾಯಾದಿ, ರೆಪೆನ್ಸ್ ಎಂಬುದು. ಅದು ಗುಂಡಿಗೆಯ ತಂಟೆಗೆ ಹೋಗದೆ ಚರ್ಮದ ಕೆಳಗೆ ಬಿಡಾರ ಹೂಡುತ್ತದೆ. ತುರಿಕೆ, ಗಂಟು, ಒಮ್ಮೊಮ್ಮೆ ಏನೂ ಇಲ್ಲ. ತರುವುದು ಮಾತ್ರ ಅದೇ ಸೊಳ್ಳೆ. ದಾರಿ ತಪ್ಪಿ ಮನುಷ್ಯನ ಮೈ ಹೊಕ್ಕಿದ್ದೂ ಉಂಟು. ಕೇರಳದಲ್ಲಿ, ನಮ್ಮ ಮಂಗಳೂರು ಕಡೆ, ಕಣ್ಣಿನ ಡಾಕ್ಟರುಗಳು ಕಣ್ಣಿನ ಬಿಳಿಪೊರೆಯ ಕೆಳಗಿಂದ ಇಂಥ ಹುಳ ಹೊರತೆಗೆದಿದ್ದಾರೆ.

ವೈನಿ ತಕ್ಷಣ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ, ಕನ್ನಡಕ ಒರೆಸುವ ನೆಪದಲ್ಲಿ.

"ಮತ್ತ ಈ ಗುಳಿಗಿ ಬ್ಯಾಡೇನು?"

"ಈ ಡಬ್ಬಿ ಬ್ಯಾಡ. ಮೊದಲು ಮೋತಿ ರಕ್ತ ನೋಡೂಣು. ಈಗಾಗಲೇ ರಕ್ತದ ತುಂಬ ಮರಿ ಇದ್ದು, ಮ್ಯಾಲ ಗುಳಿಗಿ ಬಿದ್ದು, ಎಲ್ಲಾ ಒಮ್ಮಿಗೇ ಸತ್ರ ನಾಯಿಗೇ ಆಘಾತ ಆಗಬಹುದು. ರಕ್ತ ಚೊಕ್ಕ ಅದ ಅಂತ ಗೊತ್ತಾದ ಮ್ಯಾಲ, ತೂಕಕ್ಕ ತಕ್ಕಂಗ ಇಲ್ಲೇ ಔಷಧ ಬರದುಕೊಡ್ತೀನಿ."

"ರಕ್ತ ನೋಡಿದ ಮ್ಯಾಲ ಹೆದರಿಕಿ ಹೋಯ್ತು ಅನ್ನು."

"ಅಷ್ಟು ಸರಳ ಇಲ್ರಿ. ಆ ಪರೀಕ್ಷಾದಾಗ ಸಿಗೂದು ಬೆಳೆದ ಹೆಣ್ಣು ಹುಳದ ಗುರುತು. ಹ್ವಾದ ತಿಂಗಳು ಕಡಿದ ಸೊಳ್ಳಿ ಲೆಕ್ಕ ಇವತ್ತಿನ ರಕ್ತದಾಗ ಸಿಗಂಗಿಲ್ಲ. ಆರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಬೇಕು."

ಆಮೇಲೆ ಅವಳು ಹೇಳಿದ್ದು ನನ್ನ ತಲೆಯಲ್ಲಿ ಇವತ್ತಿಗೂ ಕೂತಿದೆ. ನಾನು ಆ ಗುಳಿಗೆಯನ್ನು ಬೇಲಿ ಎಂದು ತಿಳಿದಿದ್ದೆ: ಇವತ್ತು ನುಂಗಿಸಿದರೆ ಮುಂದಿನ ಒಂದು ತಿಂಗಳು ಹುಳ ಒಳಗೆ ಬರುವುದಿಲ್ಲ, ಅಷ್ಟೇ ಎಂದು. ಹಾಗಲ್ಲವಂತೆ. ಐವರ್ಮೆಕ್ಟಿನ್ ಜಾತಿಯ ಗುಳಿಗೆ ಕೆಲಸ ಮಾಡುವುದು ಹಿಂದಕ್ಕೆ ತಿರುಗಿ. ಕಳೆದ ಒಂದು ತಿಂಗಳಲ್ಲಿ ಮೈಹೊಕ್ಕ ಮರಿಗಳನ್ನು, ಅವು ಬಲಿಯುವ ಮೊದಲೇ ಒರೆಸಿಹಾಕುತ್ತದೆ.

"ಅಂದ್ರ ಕಿರಾಣಿ ಅಂಗಡಿ ಉದ್ರಿ ಇದ್ಧಾಂಗ," ಅಂದರು ವೈನಿ. "ತಿಂಗಳ ಕಡೀಗಿ ಹೋಗಿ ಬಾಕಿ ಚುಕ್ತಾ ಮಾಡಿ ಬರೂದು."

"ಬರೋಬ್ಬರಿ! ಎರಡು ತಿಂಗಳು ತಪ್ಪಿಸಿದ್ರ ಬಡ್ಡಿ ಬೆಳೀತದ. ಬಲಿತ ಹುಳಕ್ಕ ಈ ಗುಳಿಗಿ ಸಾಲಂಗಿಲ್ಲ."

ಸಾಲದಿದ್ದರೆ ಏನು ಗತಿ ಎಂದು ನಾನು ಕೇಳಿದೆ. ಅದಕ್ಕೆ ಪಾಷಾಣದ ಜಾತಿಯ ಒಂದು ಇಂಜೆಕ್ಷನ್ನು, ಬೆನ್ನಿನ ಮಾಂಸದಲ್ಲಿ ಆಳಕ್ಕೆ, ಮೂರು ಸಲ. ಸತ್ತ ಹುಳ ತುಂಡಾಗಿ ಪುಪ್ಪುಸದ ನಾಳ ಕಟ್ಟುವ ಭಯ ಇರುವುದರಿಂದ ತಿಂಗಳುಗಟ್ಟಲೆ ನಾಯಿಯನ್ನು ಓಡಲು ಬಿಡದೆ ಕೂಡಿಹಾಕಬೇಕು. ಹಾಲಿನವನ ಸೈಕಲ್ಲಿಗೆ ಅಷ್ಟು ದಿನ ರಜೆ ಕೊಡುವುದು ಮೋತಿಯ ಜಾತಕದಲ್ಲಿ ಬರೆದಿಲ್ಲ.

ಈ ಐವರ್ಮೆಕ್ಟಿನ್ ಅನ್ನುವುದು ನಮ್ಮ ರೈತರಿಗೂ ಹೊಸದೇನಲ್ಲ. ದನದ ಉಣ್ಣಿ, ತುರಿಗಜ್ಜಿಗೆ ಇಂಜೆಕ್ಷನ್ನಾಗಿ ಹಾಕಿಸುತ್ತಾರೆ. ಮೂಲ ಕೇಳಿದರೆ ಪುರಾಣದಂತಿದೆ. ಜಪಾನಿನಲ್ಲಿ ಸತೋಶಿ ಓಮುರಾ ಎಂಬವರು ಗಾಲ್ಫ್ ಮೈದಾನವೊಂದರ ಹತ್ತಿರದಿಂದ ಒಂದು ಹಿಡಿ ಮಣ್ಣು ತಂದರು. ಅದರಲ್ಲಿದ್ದ ಸೂಕ್ಷ್ಮಜೀವಿಯಿಂದ ಅಮೆರಿಕದಲ್ಲಿ ವಿಲಿಯಂ ಕ್ಯಾಂಬೆಲ್ ಮತ್ತವರ ಸಂಗಡಿಗರು ಈ ಔಷಧ ತೆಗೆದರು. 2015ರಲ್ಲಿ ಇಬ್ಬರಿಗೂ ನೊಬೆಲ್. ಒಂದು ಹಿಡಿ ಮಣ್ಣಿಗೆ ಇಷ್ಟು! ನಮ್ಮ ತ್ರಿಪುರಾಂತ ಕೆರೆಯ ದಂಡೆಯ ಮಣ್ಣನ್ನು ಯಾರಾದರೂ ಸೋಸಿ ನೋಡಿದ್ದಾರೋ ಇಲ್ಲವೋ.

ಆದರೆ ಹುಡುಗಿ ಸಿಟ್ಟಾಗಿದ್ದೂ ಇದೇ ಔಷಧದ ಮಾತಿಗೆ. ದನಕ್ಕೆ ತಂದ ಬಾಟಲಿಯಲ್ಲಿ ಉಳಿದದ್ದನ್ನು 'ನಾಯಿಗೂ ಒಂದೀಟು ಹಾಕ್ರಿ' ಎಂದು ಹಾಕಿಸಿಬಿಡುತ್ತಾರಂತೆ. ಗುಂಡಿಗೆಯ ಹುಳ ತಡೆಯಲು ನಾಯಿಗೆ ಬೇಕಾದದ್ದು ಕಿಲೋ ತೂಕಕ್ಕೆ 6 ಮೈಕ್ರೊಗ್ರಾಮ್; ದನದ ಪ್ರಮಾಣ ಕಿಲೋಗೆ 200. ಉದ್ದ ಮೂತಿಯ ಕೋಲಿ ಜಾತಿಯ ಎಷ್ಟೋ ನಾಯಿಗಳಿಗೆ ಆ ದೊಡ್ಡ ಪ್ರಮಾಣ ನೇರ ಮಿದುಳಿಗೇರಿ ಪ್ರಾಣ ಹೋಗುತ್ತದೆ. ಪುಣೆ, ಹೈದರಾಬಾದಿನಲ್ಲಿ ನೌಕರಿ ಮಾಡುವ ಮಕ್ಕಳು ಈಗ ಥರಾವರಿ ನಾಯಿ ತಂದು ಅಪ್ಪ-ಅಮ್ಮನ ಬಳಿ ಬಿಟ್ಟು ಹೋಗುತ್ತಾರೆ. ಯಾವುದರ ರಕ್ತದಲ್ಲಿ ಯಾವ ಜಾತಿ ಬೆರೆತಿದೆಯೋ! ಜಾತಿ ಕೇಳಬಾರದೆಂಬ ಊರು ನಮ್ಮದು, ಒಪ್ಪಿದೆ. ಔಷಧ ಹಾಕುವ ಮುಂಚೆ ಮಾತ್ರ ಕೇಳಬೇಕು.

"ಹುಚ್ಚುನಾಯಿ ಇಂಜೆಕ್ಷನ್ ಹಾಕ್ಸೇವಲ್ಲಾ, ಅದರಾಗೇ ಇದೂ ಬರಂಗಿಲ್ಲೇನು?" ವೈನಿಯ ಕೊನೆಯ ಆಸೆ.

"ಅದು ಬ್ಯಾರೆ, ಇದು ಬ್ಯಾರೆ. ಹುಳಕ್ಕ ಲಸಿಕಿ ಅಂಬೂದು ಇಲ್ಲ. ಆದ್ರ ಅದು ತಪ್ಪಿಸಬ್ಯಾಡ್ರಿ. ನಮ್ಮ ಕಡಿ ನಾಯಿಗಿ ಮೊದಲು ಅದು, ಆಮ್ಯಾಲ ಉಣ್ಣಿ, ಆಮ್ಯಾಲ ಸೊಳ್ಳಿ. ಉಣ್ಣಿ ಜ್ವರಕ್ಕ ಎಷ್ಟು ನಾಯಿ ನನ್ನ ಟೇಬಲ್ ಮ್ಯಾಲೇ ಹೋಗ್ಯಾವ. ಮೂಗಿನಾಗ ರಕ್ತ, ಬಿಳುಚಿದ ವಸಡಿ. ಹಾರ್ಟಿನ ಹುಳ ಅಂತ ಬರೂವರು ಕಮ್ಮಿ. ಆದ್ರ ಯಾರರೇ ಫೌಜಿನಾವ್ರು ಅಸ್ಸಾಮ್ ಕಡಿಂದ ನಾಯಿ ತಂದ್ರ, ಅದು ಕೆಮ್ಮಲತ್ತದ, ನಾಕ್ ಹೆಜ್ಜಿ ಓಡಿದ್ರ ಏದುಸುರು ಬಿಡ್ಲತ್ತದ, ಹೊಟ್ಟಿ ಊದ್ಯಾದ ಅಂದ್ರ, ಆಗ ನಾ ಮೊದಲು ಇದೇ ನೋಡ್ತೀನಿ."

ಹೀಗೆ ಹೇಳಿ ಅವಳು ಗೋಡೆಯ ಆಚೆ ಬಗ್ಗಿ ವೈನಿಯ ಹಿತ್ತಲು ನೋಡಿದಳು. ಆಮೇಲೆ ಈಚೆ ತಿರುಗಿ ನನ್ನ ಹಿತ್ತಲು ನೋಡಿದಳು. ನನಗೆ ಇನ್‌ಸ್ಪೆಕ್ಷನ್ನಿನ ನೆನಪಾಯಿತು.

ನಳದ ನೀರು ದಿನ ಬಿಟ್ಟು ದಿನ ಬಂದರೆ ಹಬ್ಬ ಅನ್ನುವ ಊರಿನಲ್ಲಿ ಮನುಷ್ಯ ನೀರು ಕೂಡಿಡದೆ ಏನು ಮಾಡಬೇಕು? ಎರಡು ಡ್ರಮ್ಮು, ಒಂದು ಸಿಮೆಂಟಿನ ಹೌದು, ಅಜ್ಜಿಯ ಕಾಲದ ರಾಂಜಣಿಗೆ, ಒಡೆದ ಬಕೀಟಿನಲ್ಲಿ ತುಳಸಿ. ಡ್ರಮ್ಮಿನ ಮುಚ್ಚಳ ತೆಗೆದು ಹುಡುಗಿ ನನ್ನನ್ನು ಕರೆದಳು. ಒಳಗೆ ಬಾಲ ಕುಣಿಸುವ ನೂರಾರು ಅಲ್ಪವಿರಾಮಗಳು. ಇದೇ ಮರಿಯ ಚಿತ್ರವನ್ನು ಎಷ್ಟು ಸಾವಿರ ಸಲ ಬೋರ್ಡಿನ ಮೇಲೆ ಬರೆದಿದ್ದೇನೋ! ಭಾಗಗಳನ್ನು ಗುರುತಿಸದ ಹುಡುಗರಿಗೆ ಅರ್ಧ ಮಾರ್ಕು ಕಡಿದವನು ನಾನು.

"ಮಾಮಾ, ಮೋತಿ ಕಡಿಯೋ ಸೊಳ್ಳಿಗೋಳು ನಿಮ್ಮ ಮನ್ಯಾಗ ಹುಟ್ಟಲತ್ತಾವ."

"ಗೋಡಿ ದಾಟಿ ಬರ್ತಾವೇನ್ರಿ ಮಾಸ್ತರ?" ಎಂದರು ವೈನಿ, ತಮ್ಮ ರಾಂಜಣಿಗೆಗೆ ಸೆರಗು ಅಡ್ಡ ಹಿಡಿದು.

ವಾರಕ್ಕೊಮ್ಮೆ ಬರಿದು ಮಾಡಬೇಕು, ಬರಿದು ಮಾಡಿದರೆ ಸಾಲದು ಒಳಗೋಡೆ ಉಜ್ಜಬೇಕು. ಹಗಲು ಕಡಿಯುವ ಪಟ್ಟೆಕಾಲಿನ ಸೊಳ್ಳೆಯ ತತ್ತಿ ಡ್ರಮ್ಮಿನ ಗೋಡೆಗೆ ಅಂಟಿ ತಿಂಗಳುಗಟ್ಟಲೆ ಒಣಗಿ ಕೂತು, ನೀರು ತಾಗಿದೊಡನೆ ಏಳುತ್ತದೆ. ರಾತ್ರಿಯದು ಗಟಾರದ್ದು, ಅದಕ್ಕೆ ನಾವೊಬ್ಬರೇ ಏನೂ ಮಾಡುವಂತಿಲ್ಲ. ಹುಳದ ಮರಿ ಸೊಳ್ಳೆಯೊಳಗೆ ಬೆಳೆಯಬೇಕಾದರೆ 14 ಡಿಗ್ರಿಗಿಂತ ಹೆಚ್ಚು ಬಿಸುಪು ಬೇಕಂತೆ. ಬೀದರ ಜಿಲ್ಲೆಯ ಥಂಡಿ ಹೆಸರಾದದ್ದೇ, ಆದರೆ ನಸುಕಿನ ಆ ಥಂಡಿ ಹತ್ತು ಗಂಟೆಯ ಬಿಸಿಲಿಗೆ ಕರಗಿಹೋಗುತ್ತದೆ. ಹಾಗಾಗಿ ಸೊಳ್ಳೆಗೆ ನಮ್ಮಲ್ಲಿ ವರ್ಷವಿಡೀ ಶಾಲೆ, ರಜೆಯೇ ಇಲ್ಲ. ಸಂಜೆ ಹೊತ್ತು ಮೋತಿಯನ್ನು ಒಳಗೆ ಮಲಗಿಸಿರಿ, ಬೇವಿನ ಹೊಗೆ ಹಾಕುವುದಾದರೆ ನಾಯಿಯ ಮೂಗಿಗೇ ಹಿಡಿಯಬೇಡಿರಿ ಎಂದಳು. ಮಾರನೆಯ ರಾತ್ರಿ ನೋಡಿದರೆ ವೈನಿ ತಮ್ಮ ಹಳೆಯ ಮಚ್ಛರದಾನಿಯನ್ನು ಮೋತಿಗೆ ಕಟ್ಟಿದ್ದರು. ಯಜಮಾನರು ಚಾದರ ಮುಸುಕು ಹಾಕಿ ಮಲಗಿದ್ದರು.

ವಾರದಲ್ಲಿ ರಕ್ತದ ಫಲಿತಾಂಶ ಬಂತು. ಚೊಕ್ಕ. ಮೋತಿಗೆ ತೂಕಕ್ಕೆ ತಕ್ಕ ಗುಳಿಗೆ ಶುರುವಾಯಿತು. ಪ್ರತಿ ತಿಂಗಳ ಒಂದನೇ ತಾರೀಖು ಕಿರಾಣಿ ಬಾಕಿಯ ಜೊತೆಗೇ ಇದೂ ಚುಕ್ತಾ. ಬರಿಯ ಗುಳಿಗೆ ಕೊಟ್ಟರೆ ಮೋತಿ ದವಡೆಯಲ್ಲಿಟ್ಟುಕೊಂಡು, ನಂಬಿಸಿ, ಹಿತ್ತಲಿಗೆ ಹೋಗಿ ಉಗುಳಿ ಬರುತ್ತದೆ. ಅದಕ್ಕೆ ವೈನಿ ಪೇಡೆಯ ನಡುವೆ ಹುದುಗಿಸಿ ಕೊಡುತ್ತಾರೆ. ಪೇಡೆಗಿಂತ ಚೀಸು ಮೇಲು, ಸಕ್ಕರೆ ಕಡಿಮೆ ಎಂದು ಹುಡುಗಿ ಹೇಳಿದ್ದಳು. ಚೀಸನ್ನು ವೈನಿ ನಂಬುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಂದು ಸಂಜೆ ವೈನಿ ಗೋಡೆಯಿಂದಲೇ ಕೇಳಿದರು: "ಮಾಸ್ತರ, ಆಶಾ ಅಕ್ಕೋರು ವರ್ಷಾ ವರ್ಷಾ ಆನೆಕಾಲಿನ ಗುಳಿಗಿ ಕೊಡ್ತಾರಲ್ಲಾ, ನಮ್ಮ ಮನ್ಯಾಗ ಉಳದಾವ. ಅದೂ ಹುಳಾನೇ, ಇದೂ ಹುಳಾನೇ. ಮೋತಿಗಿ ಅದೇ ಕೊಟ್ರ ನಡೀತದೇನು? ರೊಕ್ಕ ಉಳೀತದ."

ನಾನು ಹುಮನಾಬಾದಿಗೆ ಫೋನು ಹಚ್ಚಿದೆ. ಆ ಕಡೆಯಿಂದ ಬಂದ ಧ್ವನಿ ಫೋನಿಲ್ಲದೆಯೂ ಕೇಳಿಸುವಂತಿತ್ತು. ಕೊಡಲೇಬೇಡಿರಿ! ಒಂದು ಕಾಲಕ್ಕೆ ಆ ಡಿ.ಇ.ಸಿ. ಗುಳಿಗೆಯನ್ನೇ ನಾಯಿಗೆ ದಿನಾ ತಿನ್ನಿಸಿ ಗುಂಡಿಗೆಯ ಹುಳ ತಡೆಯುತ್ತಿದ್ದದ್ದು ನಿಜ. ಆದರೆ ರಕ್ತದಲ್ಲಿ ಮರಿಯಿದ್ದ ನಾಯಿ ಅದನ್ನು ನುಂಗಿದರೆ ಗಳಿಗೆಯಲ್ಲಿ ಕುಸಿದು ಸಾಯಬಹುದು. ಇಷ್ಟು ಹೇಳಿ, ಉಸಿರು ತೆಗೆದುಕೊಂಡು, ಆಮೇಲೆ ನಿಜವಾದ ಪ್ರಶ್ನೆ ಕೇಳಿದಳು.

"ಮಾಮಾ, ಮಂದಿ ನುಂಗೋ ಗುಳಿಗಿ ಮನ್ಯಾಗ ಉಳದದ್ದು ಹ್ಯಾಂಗ?"

ಆನೆಕಾಲು ನಮ್ಮ ಕಡೆ ಕಥೆಯಲ್ಲ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಅತ್ತ ಕರಾವಳಿ, ಇವೆಲ್ಲ ಆ ರೋಗದ ಪಟ್ಟಿಯಲ್ಲಿ ಹಳೆಯ ಹೆಸರುಗಳು. ಅದೂ ಸೊಳ್ಳೆ ತರುವ ದಾರದಂಥ ಹುಳವೇ, ಮೋತಿಯ ಹುಳದ ಬಳಗವೇ; ಕೂಡುವುದು ದುಗ್ಧನಾಳದಲ್ಲಿ. ಅದರ ಮರಿ ರಕ್ತದಲ್ಲಿ ಮೇಲೆ ಬರುವುದು ರಾತ್ರಿ, ಗಟಾರದ ಸೊಳ್ಳೆ ಕಡಿಯುವ ಹೊತ್ತಿಗೆ ಸರಿಯಾಗಿ. ಅದಕ್ಕೇ ಆರೋಗ್ಯ ಇಲಾಖೆಯವರು ರಕ್ತ ತೆಗೆಯಲು ರಾತ್ರಿ ಎಂಟೂವರೆಯ ಮೇಲೆ ಓಣಿ ಓಣಿ ತಿರುಗುತ್ತಾರೆ. 2004ರಿಂದ ದೇಶದಲ್ಲಿ ಇದರ ಸಾಮೂಹಿಕ ಗುಳಿಗೆ ಅಭಿಯಾನ ನಡೆದಿದೆ. ದೊಡ್ಡವರಿಗೆ ಡಿ.ಇ.ಸಿ. ಮೂರು, ಆಲ್ಬೆಂಡಜೋಲ್ ಒಂದು. ಎರಡು ವರ್ಷದೊಳಗಿನ ಕೂಸುಗಳಿಗೆ, ಬಸುರಿಯರಿಗೆ, ಹಾಸಿಗೆ ಹಿಡಿದವರಿಗೆ ಇಲ್ಲ. ಯಾದಗಿರಿಯಲ್ಲಿ ಇದರ ಜೊತೆ ಐವರ್ಮೆಕ್ಟಿನ್ನೂ ಕೂಡಿಸಿದರು, ಮೋತಿಯ ಗುಳಿಗೆಯ ಅದೇ ಐವರ್ಮೆಕ್ಟಿನ್. ಕೊಟ್ಟವರ ಕಣ್ಣೆದುರೇ ನುಂಗಬೇಕು ಅನ್ನುವುದು ನಿಯಮ.

ಮೈ ಗಟ್ಟಿಯಾಗಿದೆ, ಕಾಲು ತೆಳ್ಳಗಿದೆ; ಬಾರದ ರೋಗಕ್ಕೆ ಗುಳಿಗೆ ಯಾಕೆ? ನಾನು ಇದನ್ನು ವೈನಿಯ ಮಾತೆಂದು ಬರೆಯಬಹುದಿತ್ತು. ಆದರೆ ಅವತ್ತು ಫೋನಿಟ್ಟು ಒಳಗೆ ಹೋದಾಗ ದೇವರ ಕೋಣೆಯ ಮಾಡದಲ್ಲಿ, ಹಳೆಯ ಪಂಚಾಂಗದ ಕೆಳಗೆ, ಕಾಗದದಲ್ಲಿ ಸುತ್ತಿದ ನಾಲ್ಕು ಗುಳಿಗೆ ಸಿಕ್ಕವು. 'ಊಟಾದ ಮ್ಯಾಲ ತಗೋತೀನವ್ವಾ, ನಾ ಮಾಸ್ತರ ಇದ್ದೀನಿ, ನನಗ ಹೇಳಬೇಕೇನು' ಎಂದು ಆಶಾ ಅಕ್ಕೋರನ್ನು ಕಳಿಸಿದವನು ನಾನೇ. ನಾಯಿಗಾದರೂ ಉಗುಳುವುದಕ್ಕೆ ಹಿತ್ತಲಿಗೆ ಹೋಗುವಷ್ಟು ಸಂಕೋಚವಿದೆ.

ಗುಳಿಗೆಗಳ ತಾರೀಖು ಮುಗಿದಿತ್ತು. ಮುಂದಿನ ಸುತ್ತಿನಲ್ಲಿ ಆಶಾ ಅಕ್ಕೋರು ಬಂದಾಗ ಮೋತಿ ಗೇಟಿನ ಹತ್ತಿರ ನಿಂತು ಓಣಿ ಎತ್ತಿಹೋಗುವಂತೆ ಬೊಗಳಿತು. ವೈನಿ ಅದನ್ನು ಹಿಡಿದುಕೊಂಡು, ತಮ್ಮ ಪಾಲಿನದನ್ನು ಗಟಗಟ ನುಂಗಿ, ಗೋಡೆಗೆ ಬಂದರು. ನಾನು ಅಂಗೈಯಲ್ಲಿ ನಾಲ್ಕು ಗುಳಿಗೆ ಹಿಡಿದು, ಊಟವಾಗಿ ಎಷ್ಟು ಹೊತ್ತಾಯಿತು, ನೀರು ಕಾಯಿಸಿದ್ದೋ ಅಲ್ಲವೋ ಎಂದು ವಿಚಾರಿಸುತ್ತಿದ್ದೆ.

"ಮಾಸ್ತರ," ಅಂದರು ವೈನಿ, "ಪೇಡಾದಾಗ ಇಟ್ಟು ಕೊಡ್ಲೇನು?"

ಒಂದೊಂದಾಗಿ ನಾಲ್ಕೂ ನುಂಗಿದೆ. ಆಶಾ ಅಕ್ಕೋರು ಬಾಯಿ ತೆಗೆಸಿ ನೋಡಿದರು, ಆಮೇಲೆ ಬೆರಳಿಗೆ ಶಾಯಿ ಹಚ್ಚಿದರು. ಮೋತಿ ಗೋಡೆಗೆ ಮುಂಗಾಲು ಹಚ್ಚಿ ನಿಂತು ಆ ಬೆರಳನ್ನು ಮೂಸಿ, ಪೇಡೆಯಲ್ಲವೆಂದು ಖಾತ್ರಿಯಾದ ಮೇಲೆ ಇಳಿದುಹೋಯಿತು.